ಚೆಸ್‌ಗಾಗಿ ಕಂಪ್ಯೂಟರ್ ಮಾಡಿಸುವವರು ಕೂಲರ್ ಬಿಚ್ಚಿಸಿ ನೋಡಿ

ಮಗಳು ಆಡಿ ಬಂದ ಪಂದ್ಯಗಳನ್ನು ರಾತ್ರಿಯಿಡೀ ಸ್ಟಾಕ್‌ಫಿಶ್ ಎಂಬ ಚೆಸ್ ಎಂಜಿನ್‌ನಲ್ಲಿ (ನಡೆಗಳನ್ನು ಲೆಕ್ಕಹಾಕುವ ತಂತ್ರಾಂಶ) ವಿಶ್ಲೇಷಿಸಲೆಂದು ಕಳೆದ ಮಾರ್ಚ್‌ನಲ್ಲಿ ಮೈಸೂರಿನ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಮಾಡಿಸಿದೆ. ಪ್ರೊಸೆಸರ್ 16 ಕೋರ್‌ಗಳ ರೈಜೆನ್ 9 7950ಎಕ್ಸ್. ಇದರ ಡಬ್ಬಿಯಲ್ಲಿ ಅದನ್ನು ತಂಪಾಗಿಡುವ ಕೂಲರ್ ಬರುವುದಿಲ್ಲ, ಬೇರೆ ಕೊಳ್ಳಬೇಕು. “ಸರ್, ಗೇಮ್ ಆಡುವ ಹುಡುಗರಿಗೇ ಇದು ಸಾಕಾಗುತ್ತದೆ, ಚೆಸ್ ಏನು ಮಹಾ?” ಎಂದು ಅಂಗಡಿಯವರು ಅಂಗೈಯಗಲದ ಅಗ್ಗದ ಕೂಲರ್ ಕೂರಿಸಿ, ಉಳಿದ ಹಣಕ್ಕೆ ಗ್ರಾಫಿಕ್ಸ್ ಕಾರ್ಡ್ ಕಟ್ಟಿದರು. ನಾನೂ ಒಪ್ಪಿದೆ.

ಎರಡೂ ತಪ್ಪು. ಸ್ಟಾಕ್‌ಫಿಶ್ ಗ್ರಾಫಿಕ್ಸ್ ಕಾರ್ಡನ್ನು ಮುಟ್ಟುವುದೇ ಇಲ್ಲ. ಅದು ಬೇಕಾಗುವುದು ಲೀಲಾದಂಥ ಎಂಜಿನ್‌ಗೆ. ಗೇಮ್‌ಗಳಲ್ಲಿ ಪ್ರೊಸೆಸರ್‌ಗೆ ಆಗಾಗ ಬಿಡುವು ಸಿಗುತ್ತದೆ. ಚೆಸ್ ಎಂಜಿನ್ ಹಾಗಲ್ಲ, 32 ಥ್ರೆಡ್ (ಪ್ರೊಸೆಸರ್ ಒಮ್ಮೆಲೇ ನಡೆಸುವ ಕೆಲಸದ ಎಳೆಗಳು, ಇಲ್ಲಿ ಕೋರ್‌ಗೆ ಎರಡು) ಕೊಟ್ಟರೆ 32ನ್ನೂ ಬೆಳಗಾಗುವವರೆಗೆ ದುಡಿಸುತ್ತದೆ. ಆಗ ಈ ಪ್ರೊಸೆಸರ್ 230 ವ್ಯಾಟ್‌ವರೆಗೆ ವಿದ್ಯುತ್ ಎಳೆಯುತ್ತದೆ, ಅಷ್ಟೂ ಶಾಖವಾಗಿ ಹೊರಬರಬೇಕು.

ಮನೆಯಲ್ಲಿ ಮೊದಲ ನಿಮಿಷ ಸೆಕೆಂಡಿಗೆ ಎರಡೂವರೆ ಕೋಟಿ ಸ್ಥಾನಗಳನ್ನು ಪರಿಶೀಲಿಸುತ್ತಿದ್ದ ಎಂಜಿನ್, ಹತ್ತು ನಿಮಿಷದಲ್ಲಿ ಒಂದೂವರೆ ಕೋಟಿಗಿಂತ ಕೆಳಗಿಳಿಯಿತು. ತಾಪಮಾನ 95 ಡಿಗ್ರಿಗೆ ಅಂಟಿಕೊಂಡಿತ್ತು. ಅದು ಈ ಪ್ರೊಸೆಸರ್‌ಗೆ ತಯಾರಕರೇ ಇಟ್ಟಿರುವ ಮಿತಿ. ಅಲ್ಲಿಗೆ ಮುಟ್ಟಿದರೆ ಅದು ಸುಡುವುದಿಲ್ಲ, ಸದ್ದಿಲ್ಲದೆ ತನ್ನ ವೇಗವನ್ನು ಇಳಿಸಿಕೊಳ್ಳುತ್ತದೆ. ಹೊರಗೆ ಏನೂ ಕಾಣಿಸದ ಕಾರಣ ತೊಂದರೆ ಎಲ್ಲಿದೆಯೆಂದು ಎರಡು ತಿಂಗಳು ನನಗೆ ತಿಳಿಯಲೇ ಇಲ್ಲ. ಏಪ್ರಿಲ್ ಬಿಸಿಲಿನ ಮೇಲೆ ದೂರು ಹಾಕಿಕೊಂಡು ಕುಳಿತಿದ್ದೆ.

ಕೊನೆಗೆ ಸ್ನೇಹಿತರೊಬ್ಬರು ಕೂಲರ್ ಬಿಚ್ಚಿದರು. ತಳದ ತಾಮ್ರಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಗೇ ಅಂಟಿಕೊಂಡಿತ್ತು! ಪ್ರೊಸೆಸರ್‌ನ ಶಾಖವನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟನ್ನು ಅದರ ಮೇಲೆಯೇ ಒತ್ತಿದ್ದರು. ‘ಜೋಡಿಸುವ ಮುನ್ನ ತೆಗೆಯಿರಿ’ ಎಂಬ ಇಂಗ್ಲಿಷ್ ಅಕ್ಷರಗಳು ಬೂದು ಪೇಸ್ಟಿನಡಿ ಸ್ಪಷ್ಟವಾಗಿ ಕಾಣುತ್ತಿದ್ದವು. ಅಂಗಡಿಗೆ ಒಯ್ದರೆ “ಬಿಚ್ಚಿದ ಮೇಲೆ ನಮ್ಮ ಹೊಣೆಯಲ್ಲ” ಎಂದರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಹಾಳೆ ಕಿತ್ತರೂ ಆ ಪುಟ್ಟ ಕೂಲರ್‌ಗೆ ತಾಕತ್ತು ಸಾಲಲಿಲ್ಲ. ಎರಡು ಫ್ಯಾನ್‌ಗಳ ದೊಡ್ಡ ಕೂಲರ್ ಹಾಕಿಸಿ, ಬಯಾಸ್‌ನಲ್ಲಿ (ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ವಿದ್ಯುತ್ ಬಳಕೆ ತಗ್ಗಿಸುವ 105 ವ್ಯಾಟ್‌ನ ಇಕೋ ಮೋಡ್ ಆರಿಸಿದ್ದೇನೆ. ವೇಗದಲ್ಲಿ ಕಳೆದುಕೊಂಡದ್ದು ಸ್ವಲ್ಪವೇ, ಶಾಖ ಮಾತ್ರ ಬಹಳ ತಗ್ಗಿತು.

ನೀವು ಕೊಳ್ಳುವಾಗ ದುಡ್ಡು ಎಣಿಸುವ ಮುನ್ನ ಅಂಗಡಿಯಲ್ಲೇ ಸ್ಟಾಕ್‌ಫಿಶ್ ಹಾಕಿಸಿ, ಎಲ್ಲ ಥ್ರೆಡ್‌ಗಳನ್ನೂ ಕೊಟ್ಟು ಅರ್ಧ ಗಂಟೆ ಓಡಿಸಿ. ಮೊದಲ ನಿಮಿಷದ ವೇಗವನ್ನೂ ಕೊನೆಯ ನಿಮಿಷದ ವೇಗವನ್ನೂ ಬರೆದಿಟ್ಟುಕೊಳ್ಳಿ. ಅದಕ್ಕೆ ಒಪ್ಪದ ಅಂಗಡಿಯಿಂದ ಎದ್ದು ಬನ್ನಿ.