ಹಳೆ ಕ್ಯಾಮೆರಾ ಕೊಟ್ಟು ‘ಅಪ್‌ಗ್ರೇಡ್’ ಮಾಡಿಸಲು ಹೊರಟವರೇ, ಸ್ವಲ್ಪ ನಿಲ್ಲಿ

ಶಿರಸಿ, ಯಲ್ಲಾಪುರ, ಕುಮಟಾ ಕಡೆಯಿಂದ ಹುಬ್ಬಳ್ಳಿಗೆ ಹೋಗಿ ಕ್ಯಾಮೆರಾ ಎಕ್ಸ್‌ಚೇಂಜ್ ಮಾಡಬೇಕು ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಲ್ಲಿಯ ಒಂದು ಅಂಗಡಿಯವರು ನನಗೆ ಮೋಸ ಮಾಡಿದ್ದಾರೆ. ಸಿಟ್ಟಲ್ಲಿ ಬರೆಯುತ್ತಿದ್ದೇನೆ, ಹಿಂದುಮುಂದಾದರೆ ಸುಧಾರಿಸಿಕೊಳ್ಳಿ. ಅಂಗಡಿಯ ಹೆಸರು ಹಾಕಿಲ್ಲ. ವಿಷಯ ಈಗ ನೋಟಿಸ್ ತನಕ ಹೋಗಿದೆ, ಅದಕ್ಕೆ. ಆದರೆ ಇಂಥ ಮಾತು ನಿಮಗೂ ಯಾರಾದರೂ ಆಡಿದರೆ ಗುರುತು ಸಿಗಲಿ.

ನನ್ನ ಹತ್ತಿರ ನಿಕಾನ್ ಡಿ7200 ಇತ್ತು, ಜೊತೆಗೊಂದು 70-300 ಎಂಎಂ ಜೂಮ್ ಲೆನ್ಸ್. ಚೆನ್ನಾಗಿಯೇ ಇತ್ತು. ಆದರೆ ಹಕ್ಕಿ ತೆಗೆಯುವವರಿಗೆ ಗೊತ್ತಲ್ಲ, 300 ಎಲ್ಲಿಗೂ ಸಾಲುವುದಿಲ್ಲ. ಸೋಂದೆಯ ಮುಂಡಿಗೆಕೆರೆಯಲ್ಲಿ ಬೆಳ್ಳಕ್ಕಿ ಗೂಡು ಕಟ್ಟುವಾಗ ದಂಡೆಯಲ್ಲಿ ನಿಂತು ತೆಗೆದರೆ ಹಕ್ಕಿ ಒಂದು ಬಿಳಿ ಚುಕ್ಕೆ. ಮಂಗಟ್ಟೆ (ಹಾರ್ನ್‌ಬಿಲ್) ಹಾರಿದರೆ ಆರು ಫ್ರೇಮ್‌ನಲ್ಲಿ ಐದು ಔಟ್ ಆಫ್ ಫೋಕಸ್. ನಿಕಾನ್‌ನದೇ ಡಿ500 ಕ್ಯಾಮೆರಾ ಮತ್ತು 200-500 ಲೆನ್ಸ್ ಸಿಕ್ಕರೆ ಸಾಕು ಅಂತ ಬಹಳ ದಿನದ ಆಸೆ. ಸೆಕೆಂಡಿಗೆ 10 ಫ್ರೇಮ್, ಸೆನ್ಸರ್ ಚಿಕ್ಕದು (ಕ್ರಾಪ್ ಸೆನ್ಸರ್) ಆದ್ದರಿಂದ 500 ಅಂದರೆ 750ರ ಲೆಕ್ಕ. ಹೊಸ ಡಿ500 ಈಗ ಬರುವುದೇ ಇಲ್ಲ, ನಿಕಾನ್‌ನವರು ನಿಲ್ಲಿಸಿಬಿಟ್ಟಿದ್ದಾರೆ. 2023ರಲ್ಲಿ ಅವರದೇ ಒಳಗೆ ಕನ್ನಡಿಯಿಲ್ಲದ ಜೆಡ್8 ಬಂದ ಮೇಲಂತೂ ಎಲ್ಲರೂ ಇಂಥ ಮಿರರ್‌ಲೆಸ್ ಕಡೆ ಹೋಗಿ ಹಳೆ ಡಿಎಸ್‌ಎಲ್‌ಆರ್ ಮಾರುತ್ತಿದ್ದಾರೆ. ನಮ್ಮಂಥವರಿಗೆ ಇದೇ ಕಾಲ ಅಂದುಕೊಂಡೆ.

ಹುಬ್ಬಳ್ಳಿಯ ಅಂಗಡಿಯೊಂದರ ಸ್ಟೇಟಸ್‌ನಲ್ಲಿ ಎರಡೂ ಒಟ್ಟಿಗೆ ಬಂತು. ‘ಸಿಂಗಲ್ ಓನರ್, ಮಿಂಟ್ ಕಂಡಿಷನ್, ಶಟರ್ ಕೌಂಟ್ 18 ಸಾವಿರ.’ ಶಟರ್ ಕೌಂಟ್ ಅಂದರೆ ಕ್ಯಾಮೆರಾ ಈವರೆಗೆ ಎಷ್ಟು ಫೋಟೋ ಹೊಡೆದಿದೆ ಅನ್ನುವ ಲೆಕ್ಕ. ಫೋನ್ ಮಾಡಿದೆ. ಎಷ್ಟು ಚಂದ ಮಾತು ಅಂತೀರಿ!

“ಡಾಕ್ಟರ್ ಒಬ್ರದು ರೀ ಸರ. ಅವರಿಗೆ ಟೈಮ್ ಎಲ್ಲೈತಿ? ಕಪಾಟಿನಿಂದ ಹೊರಗ ತೆಗದಿಲ್ಲ ನೋಡ್ರಿ.”

ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೇನೆ.

ನನ್ನ ಡಿ7200 ಮತ್ತು 70-300ಕ್ಕೆ 28 ಸಾವಿರ ಹಿಡಿದರು. ಮೇಲೆ 92 ಸಾವಿರ ಕೊಡಬೇಕು. ಚಾಲಿ ಅಡಿಕೆ ಮಾರಿದ ದುಡ್ಡು ಕೈಯಲ್ಲಿತ್ತು. ಶಟರ್ ಕೌಂಟ್ ತೋರಿಸಿ ಅಂದೆ, ಸ್ಕ್ರೀನ್‌ಶಾಟ್ ಕಳಿಸಿದರು. 18 ಸಾವಿರ ಚಿಲ್ಲರೆ. ಫೋಟೋ ಫೈಲನ್ನೇ ಕಳಿಸಿ ಅಂದೆ, ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದರೊಳಗಿನ ಎಕ್ಸಿಫ್ ಮಾಹಿತಿ (ಯಾವ ಕ್ಯಾಮೆರಾ, ಎಷ್ಟನೇ ಫೋಟೋ ಅನ್ನುವ ವಿವರ) ಎಲ್ಲ ಉದುರಿ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಂದರೆ, “ಸರ ನೀವು ಭಾಳ ಡೌಟ್ ಮಾಡ್ತೀರಿ, ಬಂದು ನೋಡ್ರಿ, ಅಂಗಡಿ ಎಲ್ಲೂ ಓಡಿ ಹೋಗಂಗಿಲ್ಲ” ಅಂದರು. ಮೇಲಿಂದ “ನಿಮ್ಮೂರಾಗ ಜಾತ್ರಿ ಐತಿ ಅಲ್ರೀ, ಅದಕ್ಕಿಂತ ಮೊದಲ ತಗೊಂಡ್ರ ನಿಮಗ ಚಲೋ, ಮತ್ತೊಬ್ರು ಕೇಳಾಕತ್ತಾರ” ಅಂತ ಬೇರೆ. ನಮ್ಮ ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅದೂ ಅವರಿಗೆ ಗೊತ್ತು ನೋಡಿ.

ಹೋದೆ. ಹೋಗಿ ಮುಟ್ಟುವಾಗ ಸಂಜೆ. ಅಂಗಡಿ ತುಂಬಾ ಟ್ಯೂಬ್‌ಲೈಟ್. ಕ್ಯಾಮೆರಾಕ್ಕೆ ಲೆನ್ಸ್ ಹಾಕಿ ರೆಡಿ ಇಟ್ಟಿದ್ದರು. ಟಾರ್ಚ್ ಹಾಕಿ ನೋಡಬೇಕು ಅಂದೆ. ಹೌದು, ಅಂದೆ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಈಗ ಸಿಕ್ಕಿದವರೆಲ್ಲ “ಟಾರ್ಚ್ ಹಾಕಿ ನೋಡಬೇಕಿತ್ತಪ್ಪ” ಅಂತಾರೆ. ಅಂಗಡಿಯವರು ತಾವೇ ಮೊಬೈಲ್ ಟಾರ್ಚ್ ತೆಗೆದು ಮುಂದಿನ ಗಾಜಿಗೆ ಹಿಡಿದರು. ಫಳಫಳ ಅಂತು. “ನೋಡ್ರಿ, ಹೆಂಗೈತಿ?” ಲೆನ್ಸ್ ಬಿಚ್ಚಿ ಕೊಡಿ, ಹಿಂದಿನಿಂದ ನೋಡುತ್ತೇನೆ ಅಂದೆ. “ಬ್ಯಾಡ್ರಿ ಸರ, ಹೊರಗ ರಸ್ತೆ ಅಗದಾರ, ಧೂಳ ನೋಡ್ರಿ ಎಷ್ಟೈತಿ. ಸೆನ್ಸರ್ ಮ್ಯಾಲೆ ಕುಂತ್ರ ಮತ್ತ ನನಗ ಬೈತೀರಿ” ಅಂದರು. ಧೂಳು ಇತ್ತು ಕೂಡ. ಎದುರಿನ ಅಂಗಡಿ ಬೋರ್ಡು ತೆಗೆದು ನೋಡಿದೆ, ಅಕ್ಷರ ಅಕ್ಷರ ಶಾರ್ಪ್. ಅಷ್ಟರಲ್ಲಿ “ಶಿರಸಿ ಬಸ್ಸು ತಪ್ತದ ಸರ ನಿಮಗ.” ಬಿಲ್ ಕೇಳಿದರೆ “ಬಿಲ್ ಹಾಕಿದ್ರ ಜಿಎಸ್‌ಟಿ ಸುಮ್ನ ಜಾಸ್ತಿ ಆಗ್ತೈತಿ, ನಾನ ಇದೀನಲ್ಲ” ಅಂತ ಒಂದು ವಿಸಿಟಿಂಗ್ ಕಾರ್ಡಿನ ಹಿಂದೆ ‘15 ದಿನ ಚೆಕಿಂಗ್ ವಾರಂಟಿ’ ಅಂತ ಬರೆದು ಸಹಿ ಹಾಕಿಕೊಟ್ಟರು. ದುಡ್ಡು ಯುಪಿಐನಲ್ಲಿ ಹೋಯಿತು. ಆ ಕಾರ್ಡು ಈಗಲೂ ನನ್ನ ಹತ್ತಿರ ಇದೆ.

ವಾರ ಕಳೆಯುವ ಮೊದಲೇ ದಾಂಡೇಲಿಗೆ ಹೋದೆವು, ನಾನು ಮತ್ತು ಇಬ್ಬರು ಗೆಳೆಯರು. ಟಿಂಬರ್ ಡಿಪೋ ಹತ್ತಿರ ಬೆಳಗಿನ ಹೊತ್ತು ಮಂಗಟ್ಟೆ ಬರುವುದು ಎಲ್ಲರಿಗೂ ಗೊತ್ತಿರುವ ವಿಷಯ. ದಾರಿಯುದ್ದಕ್ಕೂ ನಾನು ಡಿ500ರ ಬಗ್ಗೆ ಭಾಷಣ. 153 ಫೋಕಸ್ ಪಾಯಿಂಟು, ಒಂದೇ ಉಸಿರಿಗೆ 200 ರಾ ಫೈಲ್ (ಕಚ್ಚಾ ಫೋಟೋ) ಹಿಡಿಯುವ ಬಫರು, ಇನ್ನು ನಿಮ್ಮದೆಲ್ಲ ಇಟ್ಟುಬಿಡಿ ಅಂತ. ಈಗ ನೆನೆಸಿಕೊಂಡರೆ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಹಕ್ಕಿ ಬಂತು. ಜೋಡಿ. ಬರಿಗೊಂಬೆ ಮೇಲೆ, ಹಿಂದೆ ಬೆಳಗಿನ ಆಕಾಶ. ಒತ್ತಿಹಿಡಿದೆ. ಡಿ500ರ ಆ ಸದ್ದು ಕೇಳಿದವರಿಗೇ ಗೊತ್ತು. ಆಮೇಲೆ ಸ್ಕ್ರೀನ್ ನೋಡಿದರೆ ಫೋಟೋ ಪೂರ್ತಿ ಹಾಲು ಚೆಲ್ಲಿದ ಹಾಗೆ. ಕಪ್ಪು ರೆಕ್ಕೆ ಬೂದು. ಕೊಕ್ಕಿನ ಹಳದಿ ಮಾಸಲು. ಮಂಜು ಇರಬೇಕು ಅಂದುಕೊಂಡೆ. ಪಕ್ಕದಲ್ಲಿದ್ದವನ ಫೋಟೋ ನೋಡಿದೆ, ಅದೇ ಕೊಂಬೆ, ಅದೇ ಹಕ್ಕಿ, ರೆಕ್ಕೆ ಕಡುಕಪ್ಪು. ಅವನದ್ದು ಹಳೆ 150-600 ಲೆನ್ಸ್. ಅವನು ಏನೂ ಮಾತಾಡಲಿಲ್ಲ, ಲೆನ್ಸ್ ಬಿಚ್ಚು ಅಂದ. ಬಿಚ್ಚಿದೆ. ಕ್ಯಾಮೆರಾಕ್ಕೆ ಕೂರುವ ಹಿಂದಿನ ಮೌಂಟ್ ಕಡೆಯಿಂದ ಟಾರ್ಚ್ ಹಿಡಿದು, ಮುಂದಿನಿಂದ ನನಗೆ ತೋರಿಸಿದ.

ಒಳಗಿನ ಗಾಜಿನ ಅಂಚಿನಿಂದ ನಡುವಿಗೆ ಬಿಳಿ ಎಳೆಗಳು. ಕವಲೊಡೆದು, ಮತ್ತೆ ಕವಲೊಡೆದು. ಅಲ್ಲಲ್ಲಿ ಒಂದು ಚುಕ್ಕೆ, ಚುಕ್ಕೆಯಿಂದ ಸುತ್ತಲೂ ಮತ್ತೆ ಎಳೆ. ಒಂದು ಗಾಜಲ್ಲ, ಕನಿಷ್ಠ ಎರಡು. ಫಂಗಸ್, ಅಂದರೆ ಬೂಸು. ಬೆಳಕು ಹಕ್ಕಿಯ ಹಿಂದಿನಿಂದ ಬಿದ್ದರೆ ಹಕ್ಕಿಯೇ ಕಾಣುವುದಿಲ್ಲ, ಬೆಳಕು ಮುಂದಿನಿಂದ ಬಿದ್ದರೆ ಅಂಗಡಿ ಬೋರ್ಡು ಶಾರ್ಪ್. ಧೂಳಿನ ನಾಟಕ ಯಾಕೆ ಅಂತ ಆಗ ತಿಳಿಯಿತು.

ಗೆಳೆಯ ಅಷ್ಟಕ್ಕೇ ಬಿಡಲಿಲ್ಲ. ಮನೆಗೆ ಬಂದು ರಾ ಫೈಲ್ ಲ್ಯಾಪ್‌ಟಾಪ್‌ಗೆ ಹಾಕಿ ಎಕ್ಸಿಫ್ ತೆಗೆದ. ನಿಕಾನ್ ಫೈಲ್‌ನಲ್ಲಿ ಶಟರ್ ಕೌಂಟ್ ಒಳಗೇ ಬರೆದಿರುತ್ತದೆ. 1 ಲಕ್ಷ 64 ಸಾವಿರ. ಹದಿನೆಂಟು ಎಲ್ಲಿ, ನೂರಾ ಅರವತ್ತನಾಲ್ಕು ಎಲ್ಲಿ? ಡಿ500ರ ಶಟರ್ ನಿಕಾನ್‌ನವರು ಪರೀಕ್ಷೆ ಮಾಡಿರುವುದು 2 ಲಕ್ಷದ ತನಕ. ಅವರು ಕಳಿಸಿದ್ದ ಸ್ಕ್ರೀನ್‌ಶಾಟ್ ಮತ್ತೆ ತೆಗೆದು ನೋಡಿದರೆ ಸೀರಿಯಲ್ ನಂಬರ್ ಇರುವ ಸಾಲನ್ನು ನಾಜೂಕಾಗಿ ಕತ್ತರಿಸಿದ್ದಾರೆ. ಯಾರದೋ ಕ್ಯಾಮೆರಾದ ಲೆಕ್ಕ, ನನ್ನ ಕೈಗೆ ಇನ್ನಾರದೋ ಕ್ಯಾಮೆರಾ.

ಇನ್ನು ಅವರ ಉತ್ತರಗಳು. ನನಗೆ ನಿಜವಾದ ಸಿಟ್ಟು ಬಂದದ್ದು ಇಲ್ಲೇ.

ಮೊದಲು ಫೋನ್ ಎತ್ತಿದರು. ಫಂಗಸ್ ಅಂದ ಕೂಡಲೇ “ಸರ, ನಿಮ್ಮದು ಶಿರಸಿ ಅಲ್ರೀ? ಮಲೆನಾಡು. ನಿಮ್ಮ ಕಡೆ ಮಳಿಗೆ ಫಂಗಸ್ ಬರೋದ. ನಮ್ಮ ಅಂಗಡ್ಯಾಗಿಂದ ಹೋಗುವಾಗ ಕ್ಲೀನ್ ಇತ್ತು.”

ಮಳೆ! ಬೇಸಿಗೆ ಬಾಗಿಲಲ್ಲಿ! ನಮ್ಮ ಅಂಗಳದಲ್ಲಿ ಅಡಿಕೆ ಒಣಗುತ್ತಿದೆ, ಅಟ್ಟದ ಮೇಲೆ ಹಪ್ಪಳ ಗರಿಗರಿ ಆಗಿದೆ, ಈ ಮನುಷ್ಯ ನನಗೆ ಮಳೆ ಕಥೆ ಹೇಳುತ್ತಾನೆ. ಲೆನ್ಸ್ ನನ್ನ ಮನೆಗೆ ಬಂದು ವಾರ ತುಂಬಿರಲಿಲ್ಲ. ಗಾಜಿನ ನಡುವಿನ ತನಕ ಎಳೆ ಹಬ್ಬಲು ಫಂಗಸ್‌ಗೆ ವಾರಗಟ್ಟಲೆ, ತಿಂಗಳುಗಟ್ಟಲೆ ತೇವ ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಬೂಸು ಹಿಡಿಯದ ಚಪ್ಪಲಿಯೂ ಇಲ್ಲದ ಊರಲ್ಲಿ ನಾನು ಡಿ7200 ಇಟ್ಟುಕೊಂಡಿದ್ದೆ. ಒಂದು ಚುಕ್ಕೆ ಬಂದಿಲ್ಲ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ತೇವ ಅಳೆಯುವ ಹೈಗ್ರೋಮೀಟರ್, ಮುಳ್ಳು 45ರ ಆಸುಪಾಸಲ್ಲೇ. ಇಲ್ಲಿಯವರಿಗೆ ಇದೆಲ್ಲ ಅಭ್ಯಾಸ. ಮೊದಲೆಲ್ಲ ಕಪಾಟಿನೊಳಗೆ ಬಲ್ಬ್ ಉರಿಸಿ ಇಡುತ್ತಿದ್ದರು. ಕಾರವಾರದ ಗೆಳೆಯನಂತೂ ದೇವಬಾಗ ಕಡಲತೀರದಿಂದ ಬಂದ ಕೂಡಲೇ ಉಪ್ಪಿನ ಗಾಳಿಗೆ ಹೆದರಿ ಕ್ಯಾಮೆರಾ ಒರೆಸದೆ ಊಟಕ್ಕೆ ಕೂರುವುದಿಲ್ಲ. ನಮಗೆ ಫಂಗಸ್ ಪಾಠ ಹುಬ್ಬಳ್ಳಿಯಿಂದ ಬೇಕಾಗಿಲ್ಲ.

ಮತ್ತೆ ಆ ಡಾಕ್ಟರ್ ಕಪಾಟು! ಅದೇ ನೋಡಿ ವಿಷಯ. ಕತ್ತಲೆ, ಗಾಳಿ ಇಲ್ಲ, ಬ್ಯಾಗಿನೊಳಗೆ ತಿಂಗಳುಗಟ್ಟಲೆ. ಫಂಗಸ್‌ಗೆ ಇದಕ್ಕಿಂತ ಒಳ್ಳೆ ಜಾಗ ಇನ್ನೊಂದಿಲ್ಲ. ‘ಹೊರಗೇ ತೆಗೆದಿಲ್ಲ’ ಅನ್ನುವುದನ್ನು ಹೊಗಳಿಕೆ ಅಂತ ಹೇಳಿ ಮಾರಿದರು. ಆ ಡಾಕ್ಟರ್ ಇದ್ದರೋ ಇಲ್ಲವೋ ದೇವರಿಗೇ ಗೊತ್ತು. ಕ್ಯಾಮೆರಾ ಬಾಡಿಯಲ್ಲಿ ಒಂದೂವರೆ ಲಕ್ಷ ದಾಟಿ ಹೊಡೆದವರು ಯಾವ ಕಪಾಟಿನ ಡಾಕ್ಟರೋ.

ಶಟರ್ ಕೌಂಟ್ ಕೇಳಿದ್ದಕ್ಕೆ: “ಅದು ಬರೀ ನಂಬರ್ ರೀ ಸರ. 2 ಲಕ್ಷದ ತನಕ ಏನೂ ಆಗಂಗಿಲ್ಲ.”

ಸ್ಕ್ರೀನ್‌ಶಾಟ್ ಯಾರದು ಅಂದದ್ದಕ್ಕೆ: “ಹುಡುಗ ತಪ್ಪು ಕಳಿಸಿರಬೇಕು.”

ಕಾರ್ಡಿನ ಹಿಂದೆ ಬರೆದ 15 ದಿನದ ವಾರಂಟಿಗೆ: “ಅದು ಎಲೆಕ್ಟ್ರಾನಿಕ್ ಪಾರ್ಟಿಗೆ ಮಾತ್ರ. ಗಾಜು ಅದರಾಗ ಬರಂಗಿಲ್ಲ.”

ನನ್ನ ಡಿ7200 ವಾಪಸ್ ಕೊಡಿ, ದುಡ್ಡು ಕೊಡಿ, ನಿಮ್ಮದು ತಗೊಳ್ಳಿ ಅಂದದ್ದಕ್ಕೆ: “ಅದು ಮಾರಿ ಹೋತು.” ಅದೇ ದಿನ ಸಂಜೆ ಅವರ ಸ್ಟೇಟಸ್‌ನಲ್ಲಿ ನನ್ನ ಡಿ7200. ಗ್ರಿಪ್ಪಿನ ರಬ್ಬರ್ ಮೂಲೆಯಲ್ಲಿ ನಾನೇ ಫೆವಿಕ್ವಿಕ್ ಹಾಕಿದ ಕಲೆ ಕಾಣುತ್ತಿದೆ. ‘ಸಿಂಗಲ್ ಓನರ್, ಮಿಂಟ್ ಕಂಡಿಷನ್.’ ಬೆಲೆ 34 ಸಾವಿರ. ನಾನು ಅದನ್ನು ಸೇವ್ ಮಾಡಿ ಅವರಿಗೇ ಕಳಿಸಿದೆ. ಬ್ಲಾಕ್ ಮಾಡಿದರು. 18 ಸಾವಿರದ ಸ್ಕ್ರೀನ್‌ಶಾಟ್, ಉಳಿದ ಮೆಸೇಜು ಎಲ್ಲ ನನ್ನ ಹತ್ತಿರ ಇದೆ. ಪುಣ್ಯಕ್ಕೆ ಗೆಳೆಯ ಮೊದಲೇ ಎಲ್ಲವನ್ನೂ ಬೇರೆ ಫೋನಿಗೆ ತೆಗೆದಿಟ್ಟಿದ್ದ.

ರಿಪೇರಿಯವರು ಲೆನ್ಸ್ ನೋಡಿ ಹೇಳಿದ್ದು ಇನ್ನೊಂದು ಹೊಡೆತ. ಸ್ಕ್ರೂಗಳ ತಲೆ ತಿಂದಿದೆ, ಮೊದಲೇ ಯಾರೋ ಬಿಚ್ಚಿ ಒರೆಸಿದ್ದಾರೆ. ಫಂಗಸ್ ಗಾಜಿನ ಮೇಲಿನ ಕೋಟಿಂಗನ್ನೇ (ಲೇಪವನ್ನೇ) ತಿಂದಿರುವ ಕಡೆ ಒರೆಸಿದರೂ ಗುರುತು ಹೋಗುವುದಿಲ್ಲ. ಅಂದರೆ ಅಂಗಡಿಯವರಿಗೆ ಗೊತ್ತಿಲ್ಲದೆ ಆದದ್ದು ಅಂತ ಹೇಳಬೇಡಿ. ಗೊತ್ತಿತ್ತು. ಗೊತ್ತಿದ್ದೇ ಟಾರ್ಚ್ ಮುಂದಿನಿಂದ ಹಿಡಿದರು.

ಆದ್ದರಿಂದ ಹಳೆ ಲೆನ್ಸ್ ತಗೊಳ್ಳುವವರು ಬೆಳಗಿನ ಹೊತ್ತೇ ಹೋಗಿ. ಲೆನ್ಸ್ ಬಿಚ್ಚಿಸಿ, ಎರಡೂ ಮುಚ್ಚಳ ತೆಗೆಸಿ, ಟಾರ್ಚ್ ನಿಮ್ಮ ಕೈಯಲ್ಲಿರಲಿ. ಬಿಚ್ಚಲ್ಲ ಅಂದರೆ ಅಲ್ಲಿಂದಲೇ ಬಸ್ ಹತ್ತಿ. ಬೆಳಕಿಗೆ ಎದುರಾಗಿ ಒಂದು ಫೋಟೋ ತೆಗೆಯಿರಿ. ಬಾಡಿಯಾದರೆ ನಿಮ್ಮದೇ ಕಾರ್ಡ್ ಹಾಕಿ ತೆಗೆದು, ಆ ಫೈಲಿನ ಸೀರಿಯಲ್ ನಂಬರ್ ಬಾಡಿ ಮೇಲಿನದಕ್ಕೆ ತಾಳೆ ನೋಡಿ. ಬಿಲ್ ಇಲ್ಲದೆ ಹಳೆ ಕ್ಯಾಮೆರಾ ಕೈಬಿಡಬೇಡಿ, ಕೊಟ್ಟ ಮೇಲೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ‘ಡಾಕ್ಟರ್‌ದು’ ಅಂದರಂತೂ ಕೈ ಮುಗಿದು ಎದ್ದು ಬನ್ನಿ.

ಬಿಲ್ ಇಲ್ಲ, ಇನ್ನೇನು ಮಾಡ್ತೀಯ ಅಂತ ಹಲವರು ಕೇಳಿದರು. ಯುಪಿಐ ದಾಖಲೆ ಇದೆ, ಮೆಸೇಜ್ ಇದೆ, ಸಹಿ ಹಾಕಿದ ಕಾರ್ಡಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. 2019ರ ಗ್ರಾಹಕ ಕಾನೂನಿನ ಪ್ರಕಾರ ಅಂಗಡಿ ಇರುವ ಊರಿಗೇ ಓಡಬೇಕಾಗಿಲ್ಲ, ನಾವಿರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. 5 ಲಕ್ಷದ ತನಕದ ವ್ಯವಹಾರಕ್ಕೆ ಫೀ ಕೂಡ ಇಲ್ಲ. ವಕೀಲರ ನೋಟಿಸ್ ಹೋದ ಮೇಲೆ ಬ್ಲಾಕ್ ತೆಗೆದು ಫೋನ್ ಮಾಡಿದರು. ದನಿ ಮತ್ತೆ ಅದೇ ಸಕ್ಕರೆ. “ಸರ, ಕೋರ್ಟು ಗೀರ್ಟು ಯಾಕ? ಲೆನ್ಸ್ ತಂದು ಕೊಡ್ರಿ, 22 ಸಾವಿರ ಕೊಡ್ತೀನಿ. ಫಂಗಸ್ ಲೆನ್ಸಿಗೆ ಅದಕ್ಕಿಂತ ಜಾಸ್ತಿ ಯಾರೂ ಕೊಡಂಗಿಲ್ಲ.”

ಈಗ ಅದು ಫಂಗಸ್ ಲೆನ್ಸ್ ಆಯಿತು ನೋಡಿ. ಈ ಕಾಲ್ ರೆಕಾರ್ಡ್ ಆಗಿದೆ. ನಮ್ಮ ಜಿಲ್ಲಾ ಕೇಂದ್ರ ಕಾರವಾರದಲ್ಲಿ ಹಾಕುವ ದೂರಿನ ಜೊತೆ ಇದೂ ಹೋಗುತ್ತದೆ. ನಮ್ಮ ಜಿಲ್ಲೆಯ ಬೇರೆ ಯಾರಿಗಾದರೂ ಹೀಗೇ ‘ಕಪಾಟಿನ ಲೆನ್ಸ್’ ಸಿಕ್ಕಿದ್ದರೆ ಮೆಸೇಜ್‌ಗಳನ್ನು ಅಳಿಸಬೇಡಿ, ನನಗೆ ತಿಳಿಸಿ. ಮುಂದಿನ ತಿಂಗಳು ದೇವಿಮನೆ ಘಾಟಿ ಇಳಿದು ಕಾರವಾರಕ್ಕೆ ಹೋಗುತ್ತಿದ್ದೇನೆ, ಗಾಡಿಯಲ್ಲಿ ಜಾಗ ಇದೆ.