ಅರಿಶಿನದ ಕ್ಯಾಪ್ಸೂಲ್ ನುಂಗುವವರು ಮನೆಯಲ್ಲಿದ್ದರೆ ಇದನ್ನು ಓದಿ

ಮಂಡಿ ನೋವಿಗೆ ಅಂತ ಅರಿಶಿನದ ಕ್ಯಾಪ್ಸೂಲ್ ತಗೊಳ್ಳುವವರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಪೂರ್ತಿ ಓದಿ. ಕೊರಟಗೆರೆ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮ ಇದರಿಂದಲೇ ಲಿವರ್ ಕೆಟ್ಟು ತುಮಕೂರಿನಲ್ಲಿ ಆಸ್ಪತ್ರೆ ಸೇರಬೇಕಾಯಿತು.

ಅದನ್ನು ಕೊಟ್ಟವನು ಮನೆ ಬಾಗಿಲಿಗೇ ಬಂದ ಮಾರಾಟಗಾರ. 'ಸಿದ್ಧರಬೆಟ್ಟದ ಗಿಡಮೂಲಿಕೆ ಕಣಮ್ಮ, ಬರೀ ಅರಿಶಿನ, ಸೈಡ್ ಎಫೆಕ್ಟೇ ಇಲ್ಲ' ಅಂದನಂತೆ. ಸಿದ್ಧರಬೆಟ್ಟದ ಮೂಲಿಕೆ ಅಂದರೆ ನಮ್ಮ ಕಡೆ ಯಾರೂ ಎರಡನೇ ಮಾತಾಡುವುದಿಲ್ಲ. ಡಬ್ಬದ ಮುಂದೆ ಅರಿಶಿನ ಕೊಂಬಿನ ಚಿತ್ರ. ಹಿಂದೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ 95% ಕರ್ಕ್ಯುಮಿನ್ ಸಾರ, 500 ಮಿಲಿಗ್ರಾಂ, ಜೊತೆಗೆ ಪೈಪರಿನ್ ಅಂತಿತ್ತು. ಕರ್ಕ್ಯುಮಿನ್ ಅಂದರೆ ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಅಂಶ.

ಮೊದಲು ಹಸಿವು ಹೋಯಿತು. ಆಮೇಲೆ ಮೈಯೆಲ್ಲ ನವೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ, ಕಣ್ಣು ಹಳದಿ. ಕಾಮಾಲೆ ಅಂತ ಮನೆಯಲ್ಲಿ ಪಥ್ಯ ಶುರುವಾಯಿತು. ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ, ಸಾರಿಗೆ ಚಿಟಿಕೆ ಅರಿಶಿನವೂ ಇಲ್ಲ. ಊಟ ಆದ ಮೇಲೆ ಆ ಕ್ಯಾಪ್ಸೂಲ್ ಮಾತ್ರ ತಪ್ಪಲಿಲ್ಲ. ಅದು ಮಂಡಿಗೆ ಅಲ್ವಾ ಅಂತ! ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆಸ್ಪತ್ರೆಯಲ್ಲಿ ಹೆಪಟೈಟಿಸ್ ವೈರಸ್ ಪರೀಕ್ಷೆಗಳೆಲ್ಲ ನೆಗೆಟಿವ್. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಕಲ್ಲೂ ಇರಲಿಲ್ಲ.

'ಬೇರೆ ಯಾವ ಮಾತ್ರೆ ತಗೊಳ್ತೀರಮ್ಮ?'

'ಬಿಪಿ ಮಾತ್ರೆ ಒಂದೇ ಸಾರ್.'

ದೊಡ್ಡಮ್ಮ ಮುಚ್ಚಿಟ್ಟಿದ್ದೇನೂ ಇಲ್ಲ. ಅರಿಶಿನ ಅಡುಗೆಮನೆ ಸಾಮಾನು, ಅದನ್ನು ಮಾತ್ರೆ ಲೆಕ್ಕಕ್ಕೆ ಯಾರು ಹಿಡೀತಾರೆ? ಅವರ ಸೊಸೆ ಚೀಲದಿಂದ ಡಬ್ಬ ತೆಗೆದು ತೋರಿಸಿದ ಮೇಲೆ ಡಾಕ್ಟರು, 'ಅನುಮಾನ ಇದರ ಮೇಲೇ, ಇವತ್ತಿಂದಲೇ ನಿಲ್ಲಿಸಿ' ಅಂದರು. ನಿಲ್ಲಿಸಿದ ಮೇಲೆ ಬಿಲಿರುಬಿನ್, ಅಂದರೆ ಕಾಮಾಲೆಯಲ್ಲಿ ರಕ್ತದಲ್ಲಿ ಏರುವ ಹಳದಿ ಅಂಶ, ನಿಧಾನವಾಗಿ ಇಳಿಯಿತು. ಈ ನಡುವೆ ನೆಂಟರೆಲ್ಲ ಕಾಮಾಲೆಗೆ ನಾಟಿ ಮದ್ದು ಕುಡಿಸಿ ಅಂತ ಒತ್ತಾಯ ಮಾಡಿದರು. ಸೊಸೆ ಒಪ್ಪಲಿಲ್ಲ. ನೊಂದ ಲಿವರ್ ಮೇಲೆ ಇನ್ನೊಂದು ಹೊರೆ ಹಾಕದೆ ಆ ಹುಡುಗಿ ಒಳ್ಳೆ ಕೆಲಸ ಮಾಡಿದಳು.

ಈಗ ಲೆಕ್ಕ ನೋಡಿ. ಒಣ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3%. ಒಂದು ಟೀ ಚಮಚ ಪುಡಿ 3 ಗ್ರಾಂ ಅಂದುಕೊಂಡರೆ 90 ಮಿಲಿಗ್ರಾಂ ಆಯಿತು. ಆ ಒಂದು ಕ್ಯಾಪ್ಸೂಲಿನಲ್ಲಿ 475. ಹೆಚ್ಚು ಕಡಿಮೆ ಐದು ಚಮಚ ಅರಿಶಿನ ಒಂದೇ ಗುಟುಕಿಗೆ! ಸಾಲದ್ದಕ್ಕೆ ಪೈಪರಿನ್, ಅಂದರೆ ಕಾಳುಮೆಣಸಿನ ಸಾರ. ಬರೀ ಕರ್ಕ್ಯುಮಿನ್ ಮೈಗೆ ಹತ್ತುವುದು ತೀರಾ ಕಡಿಮೆ. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟರೆ ರಕ್ತಕ್ಕೆ ಸೇರುವುದು 20 ಪಟ್ಟು ಜಾಸ್ತಿಯಾಗುತ್ತದೆ ಅಂತ 1998ರಲ್ಲಿ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ. ಅದನ್ನೇ ಈಗ ಮಾರುವವರು ಹೆಗ್ಗಳಿಕೆ ಅಂತ ಹೇಳಿಕೊಳ್ಳುತ್ತಾರೆ.

ಎಲ್ಲರಿಗೂ ಹೀಗಾಗುವುದಿಲ್ಲ. ಅಮೆರಿಕದಲ್ಲಿ ಅರಿಶಿನದಿಂದ ಲಿವರ್ ಕೆಟ್ಟ 10 ಜನರನ್ನು ವೈದ್ಯರು ಪರಿಶೀಲಿಸಿದಾಗ 7 ಜನರಲ್ಲಿ ಎಚ್‌ಎಲ್‌ಎ-ಬಿ 35:01 ಅನ್ನುವ ಒಂದೇ ಜೀನ್ ಮಾದರಿ ಕಂಡಿತ್ತು. ಒಬ್ಬರು ತೀರಿಕೊಂಡರು. ಇಟಲಿ ಸರ್ಕಾರ 2022ರಲ್ಲಿ ಇಂಥ ಡಬ್ಬಗಳ ಮೇಲೆ ಲಿವರ್ ಬಗ್ಗೆ ಎಚ್ಚರಿಕೆ ಹಾಕಲೇಬೇಕು ಅಂತ ಮಾಡಿತು. ನಿಮ್ಮ ಮೈಯಲ್ಲಿ ಆ ಜೀನ್ ಇದೆಯೋ ಇಲ್ಲವೋ ಮನೆ ಬಾಗಿಲಿಗೆ ಬಂದವನಿಗೆ ಹೇಗೆ ಗೊತ್ತಾಗಬೇಕು?

ಸಾರಿನ ಅರಿಶಿನಕ್ಕೆ, ನೆಗಡಿಗೆ ಕುಡಿಯುವ ಅರಿಶಿನ-ಮೆಣಸಿನ ಹಾಲಿಗೆ ಯಾರೂ ಹೆದರಬೇಕಿಲ್ಲ. ಅಲ್ಲಿ ಹಾಕುವುದು ಚಿಟಿಕೆ. ಹಳೇ ಕಾಲದ ಪಂಡಿತರು ಗೆಡ್ಡೆಯನ್ನೇ ಕುಟ್ಟಿ, ಕಷಾಯ ಕಾಯಿಸಿ, ಅಳತೆ ನೋಡಿ ಕೊಡುತ್ತಿದ್ದರು. ಒಂದೇ ಅಂಶವನ್ನು ಹಿಂಡಿ ತೆಗೆದು ತುಂಬಿದ ಈ ಕ್ಯಾಪ್ಸೂಲಿಗೆ ಅವರ ಹೆಸರು ಹಚ್ಚಿ ಮಾರುವುದು ನನ್ನ ಪ್ರಕಾರ ಅವರಿಗೂ ಮಾಡುವ ಅನ್ಯಾಯ.

ಪಿತ್ತಕೋಶದಲ್ಲಿ ಕಲ್ಲಿರುವವರು, ರಕ್ತ ತೆಳುವಾಗಲು ಮಾತ್ರೆ ತಗೊಳ್ಳುವವರು, ಲಿವರ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಲೇಬೇಡಿ. ಈಗಾಗಲೇ ತಗೊಳ್ಳುತ್ತಿದ್ದು ಹಸಿವು ಕಟ್ಟಿದರೆ, ನವೆ ಬಂದರೆ, ಕಣ್ಣು ಹಳದಿಯಾದರೆ ತಕ್ಷಣ ನಿಲ್ಲಿಸಿ ಲಿವರ್ ಟೆಸ್ಟ್ ಮಾಡಿಸಿ. ಡಬ್ಬ ಎಸೆಯಬೇಡಿ, ಆಸ್ಪತ್ರೆಗೆ ಜೊತೆಯಲ್ಲೇ ತಗೊಂಡು ಹೋಗಿ. ಔಷಧಿಯಿಂದ ತೊಂದರೆಯಾದರೆ ತಿಳಿಸಲು ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-180-3024.