ಗಾಳಿ ಸಸ್ಪೆನ್ಷನ್ ಇದ್ದರೆ ಮಾತ್ರ ಕೊಳ್ಳಿ: ಕಾಸರಗೋಡಿನ ರಸ್ತೆಗಳಲ್ಲಿ ಪೋರ್ಷೆ ಕಾಯೆನ್

ನಮ್ಮ ಕಾಸರಗೋಡಿನ ಕಡೆಯವರು ಪೋರ್ಷೆ ಕಂಪನಿಯ ಎಸ್‌ಯುವಿಯಾದ ಕಾಯೆನ್ ಕೊಳ್ಳುವುದಾದರೆ ಗಾಳಿ ಸಸ್ಪೆನ್ಷನ್ ಇರುವುದನ್ನೇ ಕೊಳ್ಳಿ. ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲಗಳಿಂದ ಕಾರನ್ನು ಹೊತ್ತು, ಬೇಕಾದಂತೆ ಎತ್ತರ ಏರಿಳಿಸುವ ವ್ಯವಸ್ಥೆ ಅದು. ಮೂರನೇ ತಲೆಮಾರಿನ ಮೂಲ ಪೆಟ್ರೋಲ್ ಮಾದರಿಗೆ ಅದು ತಾನಾಗಿ ಬರುವುದಿಲ್ಲ, ಬೇರೆ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು. ದುಬಾರಿ ಮ್ಯೂಸಿಕ್ ಸಿಸ್ಟಂ ಇಲ್ಲದಿದ್ದರೂ ನಡೆದೀತು, ಇದನ್ನು ಮಾತ್ರ ಬಿಡಬೇಡಿ. ಹಲವು ಮಳೆಗಾಲ ಈ ಕಾರಿನಲ್ಲಿ ಓಡಾಡಿದ ಮೇಲೆ ಹೇಳುತ್ತಿರುವ ಮಾತಿದು.

ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ನಮ್ಮ ಮನೆ. ಎರಡೂ ಬದಿ ಮುರಕಲ್ಲಿನ ದರೆ, ನಡುವೆ ಒಂದು ತೋಡು. ಆಟಿಯ (ಆಷಾಢದ) ಮಳೆಯಲ್ಲಿ ತೋಡಿನ ನೀರು ರಸ್ತೆಗೇ ಹರಿಯುತ್ತದೆ. ಅಲ್ಲಿಗೆ ಬಂದಾಗ ಎತ್ತರ ಹೆಚ್ಚಿಸಿದರೆ ಗಾಳಿ ತುಂಬುವ ಕಂಪ್ರೆಸರ್ ಸಣ್ಣಗೆ ಗುಂಯ್‌ಗುಟ್ಟುತ್ತದೆ, ಕೂತಲ್ಲಿಂದಲೇ ಬಾನೆಟ್ ಮೇಲೇಳುವುದು ಕಾಣುತ್ತದೆ. ಅತಿ ಎತ್ತರದ ಹಂತದಲ್ಲಿ ನೆಲದಿಂದ 245 ಮಿಲಿಮೀಟರ್ ಅಂತರ ಸಿಗುತ್ತದೆ, 525 ಮಿಲಿಮೀಟರ್ ಆಳದ ನೀರನ್ನು ದಾಟಬಹುದೆಂದು ಕಂಪನಿ ಹೇಳುತ್ತದೆ. ಹೆದ್ದಾರಿ ಹತ್ತಿ ವೇಗ ಹಿಡಿದರೆ ತಾನೇ ತಗ್ಗಿಕೊಳ್ಳುತ್ತದೆ. ಡಿಕ್ಕಿಯೊಳಗಿನ ಸ್ವಿಚ್ ಒತ್ತಿದರೆ ಹಿಂಬದಿ ಇನ್ನಷ್ಟು ಕೆಳಗಿಳಿಯುತ್ತದೆ. ಅತ್ತೆಯವರ ಗಾಲಿಕುರ್ಚಿ ಎತ್ತಿಡುವಾಗ ಪ್ರತಿಸಲವೂ ಅದರ ಬೆಲೆ ಗೊತ್ತಾಗುತ್ತದೆ.

ಆದರೆ ಅಗಲ ತಗ್ಗಿಸಲು ಸ್ವಿಚ್ ಇಲ್ಲವಲ್ಲ! ಕನ್ನಡಿ ಬಿಟ್ಟೇ 1983 ಮಿಲಿಮೀಟರ್. ಒಳರಸ್ತೆಯಲ್ಲಿ ಬಸ್ಸು ಎದುರಾದರೆ ಒಂದು ಬದಿಯ ಚಕ್ರ ಮಣ್ಣಿಗಿಳಿಸಲೇಬೇಕು.

ಇದು ಸ್ಪೋರ್ಟ್ಸ್ ಕಾರು ಮಾಡುವವರ ಗಾಡಿ ಎಂಬುದು ಸರಿಯಾಗಿ ತಿಳಿಯುವುದು ಮುಳ್ಳೇರಿಯ, ಜಾಲ್ಸೂರು, ಸುಳ್ಯ ದಾಟಿ ಸಂಪಾಜೆಯ ಘಾಟಿ ಹತ್ತಿದಾಗ. ನನ್ನ ಕಾರಿನದು 3 ಲೀಟರಿನ ಟರ್ಬೊ ವಿ6 ಎಂಜಿನ್, 340 ಅಶ್ವಶಕ್ತಿ, 450 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ. ಆ ಟಾರ್ಕ್ ಪೂರ್ತಿ ಎಂಜಿನ್ ನಿಮಿಷಕ್ಕೆ 1340 ಸುತ್ತು (ಆರ್‌ಪಿಎಂ) ತಿರುಗುವಾಗಿನಿಂದಲೇ ಸಿಗುವುದರಿಂದ ಏರಿನಲ್ಲಿ ಗೇರ್ ಇಳಿಸಿ ಒದ್ದಾಡಬೇಕಿಲ್ಲ. ನನಗೆ ಇನ್ನೂ ಮೆಚ್ಚುಗೆಯಾದದ್ದು ಬ್ರೇಕು ಮತ್ತು ಸ್ಟೇರಿಂಗು. ಸುಮಾರು ಎರಡು ಟನ್ ತೂಕದ ಗಾಡಿ ತಿರುವಿಗೆ ಮುಂಚೆ ಬ್ರೇಕ್ ಒತ್ತಿದರೆ ಮುಗ್ಗರಿಸುವುದಿಲ್ಲ, ತಿರುವಿನಲ್ಲಿ ವಾಲುವುದಿಲ್ಲ. ಘಾಟಿ ಎಂದರೆ ವಾಂತಿ ಮಾಡುತ್ತಿದ್ದ ಮಗಳು ಈಗ ಮಡಿಕೇರಿಯವರೆಗೆ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಾಳೆ. ನನ್ನ ಕಾರಿನಲ್ಲಿ ಸ್ಟೇರಿಂಗಿನ ಎದುರಿನ ಐದು ಮೀಟರ್ ವೃತ್ತಗಳಲ್ಲಿ ನಿಜವಾದ ಮುಳ್ಳಿರುವುದು ನಟ್ಟನಡುವಿನ ಆರ್‌ಪಿಎಂ ಮೀಟರಿಗೆ ಮಾತ್ರ, ಉಳಿದವು ಪರದೆಯ ಮೇಲಿನ ಚಿತ್ರಗಳು. 2002ರಲ್ಲಿ ಮೊದಲ ಕಾಯೆನ್ ಬಂದಾಗ ಪೋರ್ಷೆಯದೇ ಸ್ಪೋರ್ಟ್ಸ್ ಕಾರಾದ 911ರ ಅಭಿಮಾನಿಗಳು ಮುಖ ಸಿಂಡರಿಸಿದ್ದರು. ಅವರಲ್ಲಿ ಯಾರಾದರೂ ಸಿಕ್ಕಿದರೆ ಸಂಪಾಜೆಗೆ ಕರೆದುಕೊಂಡು ಹೋಗುವ ಆಸೆ ನನಗಿದೆ.

ಪೆಟ್ರೋಲ್ ಕುಡಿಯುತ್ತದೆ. ಊರೊಳಗೆ ಲೀಟರಿಗೆ ಆರೇಳು ಕಿಲೋಮೀಟರ್, ಹೆದ್ದಾರಿಯಲ್ಲಿ ಹತ್ತರ ಆಸುಪಾಸು. ಮಂಗಳೂರಿಗೆ ಹೋದಾಗಲೆಲ್ಲ ತಲಪಾಡಿ ದಾಟಿ 75 ಲೀಟರಿನ ಟ್ಯಾಂಕ್ ತುಂಬಿಸಿ ಬರುತ್ತೇನೆ, ಕರ್ನಾಟಕದಲ್ಲಿ ದರ ಕಡಿಮೆ.

ಟೈರಿನ ವಿಷಯ ಮೊದಲೇ ತಿಳಿದಿರಲಿ. 19 ಇಂಚಿನ ಚಕ್ರದಲ್ಲಿ ಮುಂದಿನವು 255, ಹಿಂದಿನವು 275 ಮಿಲಿಮೀಟರ್ ಅಗಲದವು. ಮುಂದಿನದನ್ನು ಹಿಂದಕ್ಕೆ ಹಾಕಿ ಸವೆತ ಸರಿದೂಗಿಸುವ ನಮ್ಮ ಹಳೆಯ ಕ್ರಮ ಇಲ್ಲಿ ನಡೆಯುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದ ಸಮಯದಲ್ಲಿ ಚೂಪು ಜಲ್ಲಿಯೊಂದು ಹಿಂದಿನ ಟೈರಿನ ಬದಿಯನ್ನೇ ಸೀಳಿತು. ಬದಿ ಸೀಳಿದರೆ ಪಂಕ್ಚರ್ ಹಾಕುವಂತಿಲ್ಲ, ಹೊಸದೇ ಬೇಕು. ಆ ಅಳತೆಯದು ಮಂಗಳೂರಿನಲ್ಲಿ ಸಿಗದೆ ಬೆಂಗಳೂರಿನಿಂದ ತರಿಸುವವರೆಗೆ ಕಾರು ಅಂಗಳದಲ್ಲೇ ಉಳಿಯಿತು. ಈಗ ಹಿಂದಿನದೊಂದು, ಮುಂದಿನದೊಂದು ಟೈರು ಮನೆಯಲ್ಲಿ ತಂದಿಟ್ಟಿದ್ದೇನೆ. ಸರ್ವೀಸಿಗೂ ಕೊಚ್ಚಿ ಇಲ್ಲವೇ ಬೆಂಗಳೂರಿಗೆ ಹೋಗಬೇಕು. ನಾನು ಬೆಂಗಳೂರಿಗೇ ಹೋಗುವುದು, ದಾರಿಯಲ್ಲಿ ಸಂಪಾಜೆ ಸಿಗುತ್ತದೆ.